12 ಚಕ್ರದ ಲಾರಿ ಮೈಲೇಜ್ 4ರಿಂದ 3.4ಕ್ಕೆ ಇಳಿದಿದೆ: ಇಂಜೆಕ್ಟರ್ ಬಿಚ್ಚುವ ಮುಂಚೆ ಏನೇನು ನೋಡಬೇಕು?

ಹನ್ನೆರಡು_ಚಕ್ರ:
ಗಾಡಿ 12 ಚಕ್ರ, 31 ಟನ್, ಬಿಎಸ್4 (ಹೊಗೆ ನಿಯಮದ ದರ್ಜೆ). ಆರು ಸಿಲಿಂಡರ್ 5.9 ಲೀಟರ್ ಕಾಮನ್ ರೈಲ್ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಹೆಚ್ಚು ಒತ್ತಡದ ಡೀಸೆಲ್) ಎಂಜಿನ್, ಯೂರಿಯಾ ಟ್ಯಾಂಕ್ ಇರುವ ಮಾಡೆಲ್. ಓಡಿರುವುದು 4.6 ಲಕ್ಷ ಕಿ.ಮೀ. ರೂಟ್ ಮಂಗಳೂರು–ಹಾಸನ–ಬೆಂಗಳೂರು, ಶಿರಾಡಿ ಘಾಟಿ ಮೇಲೆ, ಎರಡೂ ಕಡೆ ಲೋಡ್. ಹೋಗಿ ಬರುವುದು ಸೇರಿ ಲೀಟರ್‌ಗೆ 4 ಸಿಗುತ್ತಿತ್ತು, ಈಗ 3.4. ತಿಂಗಳಿಗೆ 6000 ಕಿ.ಮೀ. ಓಡಿದರೆ 260 ಲೀಟರ್‌ಗೂ ಜಾಸ್ತಿ ದಂಡ. ಕಪ್ಪು ಹೊಗೆ ಇಲ್ಲ. ಪಿಕಪ್ ಸ್ವಲ್ಪ ಕಡಿಮೆ. ಹೌಸಿಂಗ್‌ನ (ಹಿಂದಿನ ಆಕ್ಸಲ್‌ಗಳ) ಎಂಟೂ ಟಯರ್ ಹೊಸದು. ಮೇಸ್ತ್ರಿ ಆರೂ ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿ ಪಂಪು-ನಾಜಲ್ ಅಂಗಡಿಗೆ ಕಳಿಸೋಣ ಅನ್ನುತ್ತಿದ್ದಾರೆ. ಅದಕ್ಕೆ ಮುಂಚೆ ಕಡಿಮೆ ಖರ್ಚಿನಲ್ಲಿ ಏನು ನೋಡಬಹುದು?

ಬಂಕ್_ಲೆಕ್ಕ:
ಸರ್, ಆ 3.4 ಎಷ್ಟು ನಿಜ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಹೌಸಿಂಗ್ ಟಯರ್ ಹೊಸದು ಅಂದಿರಲ್ಲ, ಒಂದಷ್ಟು ಅಲ್ಲೇ ಹೋಗಿದೆ. ಮೀಟರ್‌ಗೆ ಲೆಕ್ಕ ಬರುವುದು ಗೇರ್‌ಬಾಕ್ಸ್ ಹತ್ತಿರದ ಸೆನ್ಸರ್‌ನಿಂದ, ಅದಕ್ಕೆ ಗೊತ್ತಿರುವುದು ಸುತ್ತು ಮಾತ್ರ. 10.00ಆರ್20 ಹೊಸ ಟಯರ್‌ನ ವ್ಯಾಸ ಸುಮಾರು 1050 ಮಿ.ಮೀ. ಟ್ರೆಡ್ 14–15 ಮಿ.ಮೀ. ಸವೆದರೆ ವ್ಯಾಸದಲ್ಲಿ 30 ಮಿ.ಮೀ. ಹತ್ತಿರ ಕಡಿಮೆಯಾಗುತ್ತದೆ, ಹೆಚ್ಚುಕಡಿಮೆ 3%. ಸವೆದ ಟಯರ್‌ನಲ್ಲಿ ಮೀಟರ್ 1000 ತೋರಿಸುತ್ತಿದ್ದ ದಾರಿಗೆ ಹೊಸ ಟಯರ್‌ನಲ್ಲಿ 970 ತೋರಿಸುತ್ತದೆ. ಗಾಡಿಯಲ್ಲಿ ಏನೂ ಕೆಡದಿದ್ದರೂ ನಿಮ್ಮ 4 ಅನ್ನುವುದು ಪುಸ್ತಕದಲ್ಲಿ 3.9ರ ಕೆಳಗೆ ಬಂತು. ಹೊಸ ರಬ್ಬರ್ ದಪ್ಪ ಇರುವುದರಿಂದ ಉರುಳುವುದಕ್ಕೂ ಸ್ವಲ್ಪ ಭಾರ, ಅದೊಂದು ಚೂರು ಸೇರಿಸಿಕೊಳ್ಳಿ.

ಅಳೆಯುವುದು ಹೀಗೆ: ಒಂದೇ ಬಂಕ್, ಒಂದೇ ನಾಜಲ್, ಗಾಡಿ ಸಮತಟ್ಟು ಜಾಗದಲ್ಲಿ. ಆಟೋ ಕಟ್ ಆದ ಮೇಲೆ ಐದು ನಿಮಿಷ ಬಿಡಿ, ನೊರೆ ಇಳಿಯಲಿ, ಆಮೇಲೆ ಟ್ಯಾಂಕ್ ಕುತ್ತಿಗೆಯ ಒಂದೇ ಗುರುತಿಗೆ ತುಂಬಿಸಿ. ಮೂರು ಸಲ ಫುಲ್ ಮಾಡಿ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರ್‌ನಿಂದ ಭಾಗಿಸಿ. ಕಿಲೋಮೀಟರ್ ಜಿಪಿಎಸ್‌ನಿಂದ ತೆಗೆದುಕೊಳ್ಳಿ. ಬಂಕ್ ಅಳತೆ ಅನುಮಾನ ಇದ್ದರೆ ಮುದ್ರೆ ಇರುವ 5 ಲೀಟರ್ ಮಾಪನ ಕೇಳಿ, ಕೊಡಲೇಬೇಕು. 5 ಲೀಟರ್‌ಗೆ 25 ಎಂ.ಎಲ್.ವರೆಗೆ ವ್ಯತ್ಯಾಸಕ್ಕೆ ಅವಕಾಶ ಇದೆ, ಅದಕ್ಕಿಂತ ಜಾಸ್ತಿ ಕಡಿಮೆ ಬಂದರೆ ದೂರು ಕೊಡಬಹುದು. ಟ್ಯಾಂಕ್‌ನ ಡ್ರೇನ್ ಬೋಲ್ಟ್, ರಿಟರ್ನ್ ಪೈಪ್ (ಎಂಜಿನ್‌ನಲ್ಲಿ ಉಳಿದ ಡೀಸೆಲ್ ವಾಪಸ್ ತರುವುದು), ಮುಚ್ಚಳದ ವಾಷರ್ ಕೈಯಾಡಿಸಿ ನೋಡಿ. ರಾತ್ರಿ ನಿಲ್ಲಿಸುವ ಜಾಗದಲ್ಲಿ ಟ್ಯಾಂಕ್‌ಗೆ ಬೀಗ ಇದೆಯೋ ಇಲ್ಲವೋ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹುಬ್ಬಳ್ಳಿ_ಬೈಪಾಸ್:
ಲೆಕ್ಕ ಆಮ್ಯಾಲ ಮಾಡ್ರಿ, ಮೊದಲ ಗಾಡಿ ಉರುಳತೈತೋ ಇಲ್ಲೋ ನೋಡ್ರಿ. ಸಪಾಟ ರೋಡಿನ್ಯಾಗ, ಹಿಂದ ಮುಂದ ಯಾರೂ ಇಲ್ಲದಾಗ, 40ಕ್ಕ ನ್ಯೂಟ್ರಲ್ ಹಾಕ್ರಿ. ಎಂಜಿನ್ ಚಾಲೂನ ಇರಲಿ, ಬಂದ್ ಮಾಡಿದ್ರ ಏರ್ ತುಂಬಂಗಿಲ್ಲ, ಸ್ಟೇರಿಂಗ್ ಬಿಗಿ ಆಕ್ಕೈತಿ. 40ರಿಂದ 20ಕ್ಕ ಇಳಿಯೂ ತನಕ ಎಷ್ಟು ದೂರ ಹೋತು ಅಂತ ಅಳೀರಿ. ಅದ ಜಾಗಾದಾಗ ತಿರುಗಿ ಬರೂವಾಗೂ ಅಳೀರಿ, ಇಳುಕಲು ಗಾಳಿ ಎರಡೂ ಸರಿ ಹೋಕ್ಕಾವ. ಅಂಥದ್ದ ಇನ್ನೊಂದು ಗಾಡಿ ಅಷ್ಟ ಲೋಡಿನ್ಯಾಗ ಸಿಕ್ಕರ ಎರಡೂ ಹೋಲಿಸಿ ನೋಡ್ರಿ. ನಿಮ್ಮದು ಲಗೂನ ನಿಂತರ ಇಂಜೆಕ್ಟರ್ ಮುಟ್ಟಬ್ಯಾಡ್ರಿ, ಎಲ್ಲೋ ಬ್ರೇಕ್ ಹಿಡದೈತಿ.

ಆಮ್ಯಾಲ 20–25 ಕಿ.ಮೀ. ಬ್ರೇಕ್ ಭಾಳ ಹಿಡೀದ ಓಡಿಸಿ, ನಿಲ್ಲಿಸಿದ ಕೂಡ್ಲೆ ಎಲ್ಲಾ ಡ್ರಮ್ಮಿಗೂ ಟೆಂಪರೇಚರ್ ಗನ್ ಹಿಡೀರಿ. ಕೈ ಹಚ್ಚಬ್ಯಾಡ್ರಿ, ಸುಡತೈತಿ. ಒಂದ ಆಕ್ಸಲ್‌ನ ಎಡಕ್ಕ ಬಲಕ್ಕ 30–40 ಡಿಗ್ರಿ ಫರಕ್ ಬಂದ್ರ ಅಲ್ಲೇ ಕಳ್ಳ. ಡ್ರಮ್ ಕಾದು ಹಬ್ ಕ್ಯಾಪ್ ತಣ್ಣಗಿದ್ರ ಬ್ರೇಕ್. ಹಬ್ ಕ್ಯಾಪ್ಪೂ ಕಾದಿದ್ರ ಬೇರಿಂಗ್ ಬಿಗಿ, ಇಲ್ಲಾ ಗ್ರೀಸ್ ಕೆಟ್ಟೈತಿ.

ಶಿರಾಡಿ ಇಳಿಯೂ ಗಾಡಿಗೆ ಇದು ಮಾಮೂಲಿ. ಇಳಿಯೂ ಮುಂಚೆ ಬ್ರೇಕ್ ಬಿಗಿ ಮಾಡಸ್ತಾರ, ಕೆಳಗ ಬಂದ ಮ್ಯಾಲ ಯಾರೂ ಸಡಿಲ ಮಾಡಂಗಿಲ್ಲ. ಕೈಯಾರೆ ತಿರುವೂ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕ್ ಬಿಗಿ-ಸಡಿಲ ಮಾಡೂ ಲಿವರ್) ಇದ್ರ: ಬಾಕಿ ಗಾಲಿಗೆ ಅಡ್ಡಗಲ್ಲು ಇಟ್ಟು, ಪಾರ್ಕಿಂಗ್ ಬಿಟ್ಟು, ಗಾಲಿ ಜಾಕ್ ಹಚ್ಚಿ ಎತ್ತರಿ. ಲೈನರ್ ಡ್ರಮ್ಮಿಗೆ ತಾಗೂ ತನಕ ಬಿಗಿ ಮಾಡಿ, ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದ ಬಿಡ್ರಿ. ಗಾಲಿ ಕೈಲೆ ತಿರುಗಬೇಕು. ಆಟೋ ಸ್ಲ್ಯಾಕ್ ಅಡ್ಜಸ್ಟರ್ ಇದ್ರ ಪದೇ ಪದೇ ಸ್ಪ್ಯಾನರ್ ಹಾಕಬ್ಯಾಡ್ರಿ, ಒಳಗಿನ ಕ್ಲಚ್ ಹಾಳಾಕ್ಕೈತಿ.

ನಾಜಲ್_ಬೆಂಚ್:
ಬ್ರೇಕ್ ನೋಡಬೇಕು, ಒಪ್ಪಿದೆ. ಆದರೆ 4.6 ಲಕ್ಷ ಓಡಿದ ಕಾಮನ್ ರೈಲ್ ಇಂಜೆಕ್ಟರ್ ಬಗ್ಗೆ ಮೇಸ್ತ್ರಿ ಹೇಳಿದ್ದನ್ನು ಪೂರಾ ತಳ್ಳಿಹಾಕಬೇಡಿ. ಬಿಚ್ಚದೆಯೇ ನೋಡುವ ದಾರಿ ಇದೆ.

ರಿಟರ್ನ್ ಪೈಪ್ ಇಂಜೆಕ್ಟರ್ ತಲೆಯ ಮೇಲೆ ಬೇರೆ ಬೇರೆಯಾಗಿ ಬರುವ ಎಂಜಿನ್ ಆದರೆ ಪ್ರತಿಯೊಂದಕ್ಕೂ ಒಂದೊಂದು ಬಾಟಲಿ ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಂದು ನಿಮಿಷ ಬಿಟ್ಟು ಅಳತೆ ಹೋಲಿಸಬಹುದು. ನಿಮ್ಮ 5.9ರಲ್ಲಿ ರಿಟರ್ನ್ ಹೆಡ್ ಒಳಗಿನ ದಾರಿಯಲ್ಲೇ ಹೋಗುತ್ತದೆ, ಬಾಟಲಿ ಆಟ ನಡೆಯುವುದಿಲ್ಲ. ಹೆಡ್‌ನಿಂದ ಹೊರಬರುವ ಒಟ್ಟು ರಿಟರ್ನ್ ಅಳೆದು, ಅದು ಜಾಸ್ತಿ ಇದ್ದರೆ ಎಂಜಿನ್ ನಿಲ್ಲಿಸಿ, ರೈಲ್‌ನಲ್ಲಿ ಒಂದೊಂದೇ ಸಿಲಿಂಡರ್ ಲೈನ್‌ಗೆ ಕ್ಯಾಪ್ ಹಾಕಿ ಮತ್ತೆ ಅಳೆಯಬೇಕು. ಯಾವುದಕ್ಕೆ ಕ್ಯಾಪ್ ಹಾಕಿದಾಗ ರಿಟರ್ನ್ ದಿಢೀರ್ ಇಳಿಯುತ್ತದೋ ಅದೇ ಕೆಟ್ಟದ್ದು. ಆರೂ ಬಿಚ್ಚಬೇಕಿಲ್ಲ. ಇನ್ನೊಂದು, ಇಂಜೆಕ್ಟರ್‌ಗೆ ಪಕ್ಕದಿಂದ ಬರುವ ಕನೆಕ್ಟರ್ ಟ್ಯೂಬ್‌ನ ನಟ್ ಸರಿಯಾದ ಟಾರ್ಕ್‌ನಲ್ಲಿ ಇಲ್ಲದಿದ್ದರೂ ರಿಟರ್ನ್ ಜಾಸ್ತಿ ತೋರಿಸುತ್ತದೆ, ಇಂಜೆಕ್ಟರ್ ಮೇಲೆ ಸುಮ್ಮನೆ ತಪ್ಪು ಹೊರಿಸುತ್ತಾರೆ.

ಎಂಜಿನ್ ಚಾಲೂ ಇರುವಾಗ ಹೈ ಪ್ರೆಷರ್ ಪೈಪ್ ಸಡಿಲಿಸುವ ಹಳೇ ಇನ್‌ಲೈನ್ ಪಂಪ್ ಅಭ್ಯಾಸ ಇಲ್ಲಿ ಬೇಡವೇ ಬೇಡ. ರೈಲ್‌ನಲ್ಲಿ 1000 ಬಾರ್‌ಗೂ ಹೆಚ್ಚು ಒತ್ತಡ ಇರುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ದಿನಾ ಬೆಳಿಗ್ಗೆ ಆಯಿಲ್ ಸ್ಟಿಕ್ ಎಳೆದು ನೋಡಿ. ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ, ಡೀಸೆಲ್ ಸಂಪ್‌ಗೆ (ಆಯಿಲ್ ತಳಪಾತ್ರೆಗೆ) ಇಳಿಯುತ್ತಿದೆ ಅಂತ ಅರ್ಥ. ಆಗ ಮೈಲೇಜ್ ಬಿಡಿ, ಬೇರಿಂಗ್ ಉಳಿಸಿಕೊಳ್ಳಿ.

ಟರ್ಬೊ_ಹೋಸ್:
ಪ್ರಶ್ನೆಯಲ್ಲಿ ಎರಡು ಸುಳಿವು ಇವೆ: ಪಿಕಪ್ ಕಡಿಮೆ, ಹೊಗೆ ಇಲ್ಲ. ಹೊಗೆ ಇಲ್ಲ ಅಂದರೆ ಗಾಳಿ ಕಡೆ ಸರಿ ಇದೆ ಅಂತ ತುಂಬಾ ಜನ ತೀರ್ಮಾನ ಮಾಡುತ್ತಾರೆ. ಹಳೇ ಇನ್‌ಲೈನ್ ಪಂಪ್ ಗಾಡಿಗೆ ಅದು ಸರಿ: ಗಾಳಿ ಕಡಿಮೆಯಾದರೂ ಪಂಪ್ ಡೀಸೆಲ್ ಕೊಡುತ್ತಲೇ ಇರುತ್ತದೆ, ಕಪ್ಪು ಹೊಗೆ ಬರುತ್ತದೆ. ಕಾಮನ್ ರೈಲ್‌ನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸೆನ್ಸರ್ ನೋಡಿಕೊಂಡು ಇಸಿಎಂ (ಎಂಜಿನ್ ಕಂಪ್ಯೂಟರ್) ಡೀಸೆಲ್ ಕಡಿತ ಮಾಡುತ್ತದೆ. ಹೊಗೆ ಬರುವುದಿಲ್ಲ, ಶಕ್ತಿ ಇಳಿಯುತ್ತದೆ. ಡ್ರೈವರ್ ಏನು ಮಾಡುತ್ತಾನೆ? ಐದನೇ ಗೇರ್‌ನಲ್ಲಿ ಹತ್ತುತ್ತಿದ್ದ ಏರನ್ನು ನಾಲ್ಕರಲ್ಲಿ, 2000 ಆರ್‌ಪಿಎಂನಲ್ಲಿ ಹತ್ತುತ್ತಾನೆ. ಡೀಸೆಲ್ ಅಲ್ಲಿ ಹೋಗುತ್ತದೆ.

ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿ ತಣ್ಣಗಾಗಿಸುವ ರೇಡಿಯೇಟರ್), ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಹೋಸ್‌ಗಳನ್ನು ನೋಡಿ. ಕ್ಲ್ಯಾಂಪ್ ಪಕ್ಕದಲ್ಲಿ ಆಯಿಲ್ ಜಿಡ್ಡಿನ ಮೇಲೆ ಧೂಳು ಗೆರೆ ಕಟ್ಟಿದ್ದರೆ ಅಲ್ಲಿಂದ ಗಾಳಿ ಹೊರಗೆ ಹೋಗುತ್ತಿದೆ. ಹೋಸ್‌ನ ಅಡಿಭಾಗದ ಸೀಳು ಮೇಲಿನಿಂದ ಕಾಣುವುದಿಲ್ಲ, ಕೈ ಹಾಕಿ ಅದುಮಿ. ಸರಿಯಾದ ಪರೀಕ್ಷೆ ಬೇಕಾದರೆ ಇಂಟರ್‌ಕೂಲರ್‌ನ ಎರಡೂ ಬಾಯಿ ಮುಚ್ಚಿ 1.5ರಿಂದ 2 ಬಾರ್ ಗಾಳಿ ಬಿಟ್ಟು ಸೋಪು ನೀರು ಹಚ್ಚುವುದು. ಮುಚ್ಚಳಗಳನ್ನು ಸರಪಳಿಯಿಂದ ಕಟ್ಟಿ, ಹಾರಿ ಬಂದರೆ ಏಟು ಜೋರು.

ಏರ್ ಫಿಲ್ಟರ್ ಇಂಡಿಕೇಟರ್ ಕೆಂಪು ತೋರಿಸುವವರೆಗೆ ಬಿಚ್ಚಬೇಡಿ, ತೋರಿಸಿದ ಮೇಲೆ ಬಿಡಬೇಡಿ. ಕಂಪ್ರೆಸರ್‌ನ ಪೂರಾ ಒತ್ತಡದಲ್ಲಿ ಊದಿದರೆ ಪೇಪರ್ ಹರಿಯುತ್ತದೆ. 2 ಬಾರ್‌ನೊಳಗೆ, ಒಳಗಿನಿಂದ ಹೊರಗೆ. ಒಳಗಿನ ಸಣ್ಣ ಫಿಲ್ಟರ್ ಊದುವುದೇ ಅಲ್ಲ, ಹೊಸದು ಹಾಕಬೇಕು. ಸಂಡೂರು–ಹೊಸಪೇಟೆ ಅದಿರು ರೂಟ್‌ನಲ್ಲಿ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕದ ಬದಲಾವಣೆ ನಡೆಯುವುದಿಲ್ಲ, ಇಂಡಿಕೇಟರ್ ಹೇಳಿದ್ದೇ ಲೆಕ್ಕ.

ಇನ್ನು ನಿಮ್ಮ ರೂಟ್‌ಗೆ ಮುಖ್ಯವಾದದ್ದು ಎಕ್ಸಾಸ್ಟ್ ಬ್ರೇಕ್, ಅಂದರೆ ಹೊಗೆ ಪೈಪ್ ಮುಚ್ಚಿ ಎಂಜಿನ್‌ನಿಂದಲೇ ಗಾಡಿ ತಡೆಯುವ ಫ್ಲ್ಯಾಪ್. ಘಾಟಿಯಲ್ಲಿ ಜಾಸ್ತಿ ಬಳಸಿದಾಗ ಫ್ಲ್ಯಾಪ್ ಶಾಫ್ಟ್‌ಗೆ ಮಸಿ ಕಟ್ಟುತ್ತದೆ, ಬಿಟ್ಟ ಮೇಲೂ ಫ್ಲ್ಯಾಪ್ ಪೂರ್ತಿ ತೆರೆಯುವುದಿಲ್ಲ. ಗಾಡಿ ಎಳೆಯುತ್ತದೆ, ಏನೋ ಭಾರ ಅನ್ನಿಸುತ್ತದೆ, ಮೀಟರ್‌ನಲ್ಲಿ ಯಾವ ಲೈಟೂ ಬರುವುದಿಲ್ಲ. ಏರ್ ಫುಲ್ ಇರುವಾಗ ಒಬ್ಬರು ಸ್ವಿಚ್ ಒತ್ತಿ ಬಿಡಲಿ, ಇನ್ನೊಬ್ಬರು ಕೆಳಗಿನಿಂದ ಲಿವರ್ ನೋಡಲಿ. ಬಿಟ್ಟ ತಕ್ಷಣ ಲಿವರ್ ಸ್ಟಾಪ್ ಬೋಲ್ಟ್‌ಗೆ ಹೋಗಿ ತಾಗಬೇಕು. ಅರ್ಧದಲ್ಲಿ ನಿಂತರೆ ಸಿಲಿಂಡರ್ ಪಿನ್ ಕಳಚಿ, ಕೈಯಿಂದ ಆಡಿಸಿ. ಬಿಗಿ ಇದ್ದರೆ ಶಾಫ್ಟ್ ಸ್ವಚ್ಛ ಮಾಡಬೇಕು. ಶಾಫ್ಟ್ ಸಲೀಸು ಇದ್ದರೆ ತೊಂದರೆ ಸಿಲಿಂಡರ್ ಸ್ಪ್ರಿಂಗ್‌ನಲ್ಲೋ ಗಾಳಿ ಹೊರಬಿಡುವ ವಾಲ್ವ್‌ನಲ್ಲೋ ಇರುತ್ತದೆ. ಸಾಮಾನ್ಯ ಗ್ರೀಸ್ ಹಚ್ಚಬೇಡಿ, ಆ ಬಿಸಿಗೆ ಸುಟ್ಟು ಇನ್ನೂ ಅಂಟುತ್ತದೆ.

ಟಯರ್_ಮನೆ:
ಹೊಸ ಟಯರ್ ಹಾಕಿದ ಗಾಡಿಗಳಲ್ಲಿ ಕಾಣುವ ಇನ್ನೊಂದು ಎಡವಟ್ಟು: ಜೋಡಿ ಚಕ್ರದಲ್ಲಿ ಒಳಗಿನದ್ದಕ್ಕೆ ಯಾರೂ ಗಾಳಿ ನೋಡುವುದಿಲ್ಲ. ರಾಡಿನಿಂದ ಬಡಿದರೆ ಪಂಚರ್ ಗೊತ್ತಾಗಬಹುದು, 20 ಪಿಎಸ್‌ಐ ಕಡಿಮೆ ಇರುವುದು ಯಾರ ಕಿವಿಗೂ ಕೇಳಿಸುವುದಿಲ್ಲ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ಗೇಜ್ ಹಾಕಿ. ಎಷ್ಟು ಬೇಕು ಅನ್ನುವುದು ಸೈಜ್, ಪ್ಲೈ, ಲೋಡ್ ಮೇಲೆ ಹೋಗುತ್ತದೆ. ಸೈಡ್‌ವಾಲ್ ಮೇಲೆ ಬರೆದಿರುತ್ತದೆ, ಪೂರಾ ಲೋಡ್‌ಗೆ 110–125ರ ಆಸುಪಾಸು. ಎಲ್ಲಾ ಟಯರ್‌ನಲ್ಲೂ 10 ಪಿಎಸ್‌ಐ ಕಡಿಮೆ ಇದ್ದರೆ ಮೈಲೇಜ್‌ನಲ್ಲಿ 1% ಹತ್ತಿರ ಹೋಗುತ್ತದೆ. ಕೇಳುವುದಕ್ಕೆ ಸಣ್ಣದು. ಅದರ ಜೊತೆ ಭುಜ ಸವೆದು ಟಯರ್ ಹಾಳಾಗುವ ಖರ್ಚು ದೊಡ್ಡದು.

ಜೋಡಿಯಲ್ಲಿ ಎರಡು ಟಯರ್‌ಗಳ ವ್ಯಾಸದ ವ್ಯತ್ಯಾಸ 6 ಮಿ.ಮೀ. ದಾಟಬಾರದು. ಹೊಸದರ ಪಕ್ಕ ರೀಸೋಲ್ (ಮರು ರಬ್ಬರ್ ಹಾಕಿದ ಟಯರ್) ಹಾಕಿದರೆ ಎರಡೂ ಒಂದೇ ಆಕ್ಸಲ್‌ನಲ್ಲಿ ಒಂದೇ ಸುತ್ತು ತಿರುಗಬೇಕು, ಸಣ್ಣದು ನೆಲಕ್ಕೆ ಉಜ್ಜಿಕೊಂಡೇ ಬರುತ್ತದೆ.

ಅಲೈನ್‌ಮೆಂಟ್ ಅಂದರೆ ಮುಂದಿನದ್ದು ಮಾತ್ರ ಅಂದುಕೊಳ್ಳಬೇಡಿ. ಟ್ರೆಡ್ ಮೇಲೆ ಅಂಗೈ ಅಡ್ಡ ಎಳೆಯಿರಿ: ಹೊರಗಿನಿಂದ ಒಳಗೆ ನುಣುಪು, ಒಳಗಿನಿಂದ ಹೊರಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಚಕ್ರ ಓರೆಯಾಗಿ ಉಜ್ಜುತ್ತಿದೆ. ಮುಂದಿನ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ರೇಡಿಯಲ್‌ಗೆ ಸಾಮಾನ್ಯವಾಗಿ 0ರಿಂದ 3 ಮಿ.ಮೀ. ಒಳಗೆ, ನಿಖರ ಅಂಕೆ ಗಾಡಿಯ ಸರ್ವಿಸ್ ಪುಸ್ತಕದ್ದು. ಅದಕ್ಕೆ ಮುಂಚೆ ಕಿಂಗ್ ಪಿನ್ ಮತ್ತು ಟೈ ರಾಡ್ ಎಂಡ್ (ಸ್ಟೇರಿಂಗ್ ಕೀಲುಗಳು) ಆಟ ನೋಡಿ, ಆಟ ಇಟ್ಟುಕೊಂಡು ಟೋ ಹಿಡಿಸುವುದು ದುಡ್ಡು ದಂಡ. ಹಿಂದೆ ಎಡ ಬಲ ಎರಡೂ ಕಡೆ ಆಕ್ಸಲ್‌ನಿಂದ ಆಕ್ಸಲ್‌ಗೆ ಟೇಪ್ ಹಿಡಿಯಿರಿ. ವ್ಯತ್ಯಾಸ ಇದ್ದರೆ ಸೆಂಟರ್ ಬೋಲ್ಟ್ ತುಂಡಾಗಿದೆಯೇ, ಯು-ಬೋಲ್ಟ್ ಸಡಿಲವೇ, ಟಾರ್ಕ್ ರಾಡ್ ಬುಷ್ ಹೋಗಿದೆಯೇ ನೋಡಿ. ಹೌಸಿಂಗ್ ಓರೆಯಾದರೆ ಡ್ರೈವರ್ ಸ್ಟೇರಿಂಗ್ ಸ್ವಲ್ಪ ತಿರುಗಿಸಿ ಹಿಡಿದೇ ನೇರ ಹೋಗುತ್ತಿರುತ್ತಾನೆ, ಮುಂದಿನ ನಾಲ್ಕೂ ಟಯರ್ ಉಜ್ಜುತ್ತವೆ.

ಹನ್ನೆರಡು_ಚಕ್ರ:
ಇಷ್ಟು ವಿವರಕ್ಕೆ ಧನ್ಯವಾದ ಎಲ್ಲರಿಗೂ. ನೋಡಿದ್ದು: ಕೊನೆಯ ಆಕ್ಸಲ್ ಬಲಗಡೆ ಡ್ರಮ್ 118 ಡಿಗ್ರಿ, ಬೇರೆಲ್ಲಾ 62ರಿಂದ 70. ಹಬ್ ಕ್ಯಾಪ್ ತಣ್ಣಗಿದೆ. ಸ್ಲ್ಯಾಕ್ ಸಡಿಲಿಸಿದರೂ ಗಾಲಿ ಬಿಗಿಯಾಗಿಯೇ ತಿರುಗುತ್ತದೆ. ಒಳಗಿನ ಟಯರ್‌ಗಳಲ್ಲಿ ಎರಡು 95 ಪಿಎಸ್‌ಐ ಇದ್ದವು. ಎಕ್ಸಾಸ್ಟ್ ಬ್ರೇಕ್ ಲಿವರ್ ಸ್ಟಾಪ್‌ಗೆ ತಾಗುತ್ತದೆ. ಟೆಂಪರೇಚರ್ ಮುಳ್ಳು ಸಪಾಟು ರಸ್ತೆಯಲ್ಲಿ 65 ದಾಟುವುದಿಲ್ಲ, ಘಾಟಿಯಲ್ಲಿ ಮಾತ್ರ ಏರುತ್ತದೆ. ತಣ್ಣಗಿರುವುದು ಒಳ್ಳೆಯದಲ್ಲವೇ?

ವಾಟರ್_ಬಾಡಿ:
ಒಳ್ಳೆಯದಲ್ಲ ಅಣ್ಣ. ಬಿಸಿಗೆ ತಕ್ಕಂತೆ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ಯಾರೋ ತೆಗೆದು ಬಿಸಾಡಿದ್ದಾರೆ, ಇಲ್ಲವೇ ಅದು ತೆರೆದೇ ನಿಂತಿದೆ. ಈ ಎಂಜಿನ್‌ನಲ್ಲಿ ಅದು 82–83 ಡಿಗ್ರಿಗೆ ತೆರೆಯಲು ಶುರು ಮಾಡಿ 95ರ ಹೊತ್ತಿಗೆ ಪೂರ್ತಿ ತೆರೆಯಬೇಕು. 65ರಲ್ಲಿ ಓಡಿದರೆ ಸಿಲಿಂಡರ್ ಗೋಡೆ ತಣ್ಣಗಿರುತ್ತದೆ, ಆಯಿಲ್ ದಪ್ಪ ಇರುತ್ತದೆ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಇಸಿಎಂ ಅದಕ್ಕೆ ತಕ್ಕ ಲೆಕ್ಕದಲ್ಲೇ ಡೀಸೆಲ್ ಬಿಡುತ್ತದೆ. ಬಿಸಿಯಾಗುತ್ತದೆ ಅಂತ ವಾಲ್ವ್ ತೆಗೆಯುವವರಿಗೆ ಗೊತ್ತಿರದ ವಿಷಯ ಇನ್ನೊಂದಿದೆ: ವಾಲ್ವ್ ತೆರೆದಾಗ ಬೈಪಾಸ್ ದಾರಿ ಮುಚ್ಚುವುದೂ ಅದೇ. ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ. ಅದಕ್ಕೇ ಸಪಾಟಿನಲ್ಲಿ ತಣ್ಣಗೆ, ಘಾಟಿಯಲ್ಲಿ ಬಿಸಿ. ಹೊಸ ವಾಲ್ವ್ ಹಾಕುವ ಮುಂಚೆ ಪಾತ್ರೆ ನೀರಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ, ಯಾವಾಗ ಬಾಯಿ ಬಿಡುತ್ತದೆ ನೋಡಿಕೊಳ್ಳಿ.

ಜೊತೆಗೆ ಫ್ಯಾನ್ ಕ್ಲಚ್, ಬೇಕಾದಾಗ ಮಾತ್ರ ಫ್ಯಾನನ್ನು ಎಂಜಿನ್‌ಗೆ ಜೋಡಿಸುವುದು ಅದು. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ, ಎಂಜಿನ್ ಬಂದ್ ಇರುವಾಗ ಫ್ಯಾನ್ ಕೈಯಿಂದ ತಿರುಗಿಸಿ. ಸ್ವಲ್ಪ ತಡೆ ಕೊಟ್ಟು ತಿರುಗಬೇಕು. ಕಲ್ಲಿನಂತೆ ಬೆಲ್ಟ್ ಜೊತೆಗೇ ಹಿಡಿದಿದ್ದರೆ ಕ್ಲಚ್ ಜಾಮ್ ಆಗಿದೆ. ಕೆಲವರು ಬೋಲ್ಟ್ ಹಾಕಿ ಲಾಕ್ ಮಾಡಿಬಿಡುತ್ತಾರೆ, ಅದೂ ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಇಷ್ಟು ದೊಡ್ಡ ಫ್ಯಾನ್ ಹತ್ತು ಅಶ್ವಶಕ್ತಿಗೂ ಮೇಲೆ ತಿನ್ನುತ್ತದೆ. ವಾಲ್ವ್ ಇಲ್ಲ, ಫ್ಯಾನ್ ಲಾಕ್: ಎರಡೂ ಸೇರಿದ ಗಾಡಿ ಚಳಿಗಾಲದಲ್ಲಿ 60ನ್ನೂ ಮುಟ್ಟುವುದಿಲ್ಲ.

ಹುಬ್ಬಳ್ಳಿ_ಬೈಪಾಸ್:
118 ಅಂದ್ರ ಸಿಕ್ಕಂಗಾತು. ಸ್ಲ್ಯಾಕ್ ಬಿಟ್ಟರೂ ಬಿಗಿ ಐತಿ ಅಂದ್ರ ಮೂರು ಜಾಗಾ. ಒಂದು, ಎಸ್-ಕ್ಯಾಮ್ (ಬ್ರೇಕ್ ಶೂ ಅಗಲಿಸೂ ಶಾಫ್ಟ್) ಬುಷ್ ಗ್ರೀಸ್ ಇಲ್ದ ಹಿಡದೈತಿ: ಸ್ಲ್ಯಾಕ್ ಅಡ್ಜಸ್ಟರ್ ಪಿನ್ ಕಳಚಿ ಶಾಫ್ಟ್ ಕೈಲೆ ತಿರುವ್ರಿ, ತಿರುಗದಿದ್ರ ಬಿಚ್ಚಾಕಬೇಕು. ಎರಡು, ಶೂ ರಿಟರ್ನ್ ಸ್ಪ್ರಿಂಗ್ ಸುಟ್ಟು ಜೋತುಬಿದ್ದೈತಿ. ಮೂರು, ಪಾರ್ಕಿಂಗ್ ಸ್ಪ್ರಿಂಗ್ ಚೇಂಬರ್ ಪೂರಾ ಬಿಡವಲ್ದು. ಇದನ್ನ ನೋಡೂದು ಸರಳ ಐತಿ: ಏರ್ 8 ಬಾರ್ ತುಂಬಿಸಿ, ಪಾರ್ಕಿಂಗ್ ಬಿಟ್ಟು, ಎಡ ಬಲ ಪುಶ್ ರಾಡ್ ಎಷ್ಟು ಹೊರಗ ಅದಾವ ಅಂತ ಅಳತಿ ಮಾಡ್ರಿ. ಬಲದ್ದು ಹೊರಗ ಉಳದಿದ್ರ ಚೇಂಬರ್ ಹಿಂದಿನ ಬೋಲ್ಟ್ ತಿರುವಿ ಸ್ಪ್ರಿಂಗ್ ಕೈಲೆ ಹಿಂದ ಎಳೀರಿ, ಆಮ್ಯಾಲ ಗಾಲಿ ತಿರುವ್ರಿ. ಆವಾಗ ಹಗರ ತಿರುಗಿದ್ರ ಚೇಂಬರ್ ಒಳಗ ಲೀಕ್, ಇಲ್ಲಾ ಅದಕ್ಕ ಗಾಳಿ ತರೂ ಪೈಪ್ ಕಟ್ಟೈತಿ.

ಆ ಚೇಂಬರಿನ ಕ್ಲ್ಯಾಂಪ್ ರಿಂಗ್ ಮಾತ್ರ ಬಿಚ್ಚಬ್ಯಾಡ್ರಿ. ಒಳಗಿನ ಸ್ಪ್ರಿಂಗ್ ಹಾರಿದ್ರ ಮನಷ್ಯಾ ಉಳಿಯಂಗಿಲ್ಲ. ಚೇಂಬರ್ ಇಡೀದ ಬದಲಿ ಮಾಡ್ರಿ.

ಏರ್ ಲೀಕೂ ನೋಡ್ರಿ. ಫುಲ್ ಏರ್ ಇದ್ದಾಗ ಎಂಜಿನ್ ಬಂದ್, ಬ್ರೇಕ್ ಬಿಟ್ಟು, ಒಂದು ನಿಮಿಷಕ್ಕ 2 ಪಿಎಸ್‌ಐಗಿಂತ ಜಾಸ್ತಿ ಇಳೀಬಾರದು. ಇಳದ್ರ ಕಂಪ್ರೆಸರ್ ಪುರಸೊತ್ತಿಲ್ದ ಗಾಳಿ ತುಂಬತಿರತೈತಿ, ಅದೂ ಡೀಸೆಲ್ ಲೆಕ್ಕಾನ.

ನಾಜಲ್_ಬೆಂಚ್:
ಥರ್ಮೋಸ್ಟಾಟ್ ಕೆಲಸ ಮಾಡುತ್ತಿಲ್ಲ ಅಂದಮೇಲೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ ಈಗ ಮಾಡಿಸಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬಂದಾಗಲೇ ಆ ಅಳತೆಗೆ ಬೆಲೆ. ಥರ್ಮೋಸ್ಟಾಟ್ ಹಾಕಿದ ಮೇಲೆ ಟ್ಯಾಪೆಟ್ (ಎಂಜಿನ್ ವಾಲ್ವ್‌ಗಳ ಸಂದು) ಹಿಡಿಸಿ: ಕಮಿನ್ಸ್ ಬಿ ಸರಣಿಯ 5.9ಕ್ಕೆ ಎಂಜಿನ್ ತಣ್ಣಗಿರುವಾಗ ಇನ್ಲೆಟ್ 0.25, ಎಕ್ಸಾಸ್ಟ್ 0.50 ಮಿ.ಮೀ. ಫೈರಿಂಗ್ ಆರ್ಡರ್ 1-5-3-6-2-4. ಬೇರೆ ಎಂಜಿನ್‌ನವರು ಈ ಅಂಕೆ ಎತ್ತಿಕೊಳ್ಳಬೇಡಿ, ನಿಮ್ಮದು ವಾಲ್ವ್ ಕವರ್ ಮೇಲೆ ಅಥವಾ ಪುಸ್ತಕದಲ್ಲಿ ಇರುತ್ತದೆ.

ಕ್ರೌನ್_ಪಿನಿಯನ್:
ಒಂದು ಪ್ರಶ್ನೆ. ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ ಹಲ್ಲುಚಕ್ರದ ಸೆಟ್ ಯಾವಾಗಲಾದರೂ ಬದಲಾಗಿದೆಯೇ? ಹಳೇ ಗಾಡಿಯ ಮಾಲು ಹಾಕುವಾಗ ಹಲ್ಲಿನ ಲೆಕ್ಕ ನೋಡದೆ ಹಾಕುವುದುಂಟು. 41/6 ಅಂದರೆ 6.83, 39/7 ಅಂದರೆ 5.57. ಒಂದೇ ವೇಗಕ್ಕೆ ಮೊದಲನೆಯದರಲ್ಲಿ ಎಂಜಿನ್ ಸುಮಾರು 23% ಹೆಚ್ಚು ತಿರುಗಬೇಕು. ಟಾಪ್ ಗೇರ್‌ನಲ್ಲಿ 60ಕ್ಕೆ ಆರ್‌ಪಿಎಂ ಎಷ್ಟು ಅಂತ ಅಂಥದ್ದೇ ಇನ್ನೊಂದು ಗಾಡಿಯ ಜೊತೆ ಹೋಲಿಸಿದರೆ ಬಿಚ್ಚದೆಯೇ ತಿಳಿಯುತ್ತದೆ. ಕ್ಲಚ್ ಜಾರುವುದೂ ಹಾಗೇ ಗೊತ್ತಾಗುತ್ತದೆ: ಏರಿನಲ್ಲಿ ಮೇಲಿನ ಗೇರ್, 1200 ಆರ್‌ಪಿಎಂ, ಪೂರ್ತಿ ಒತ್ತಿ. ವೇಗ ಅಲ್ಲೇ ನಿಂತು ಮುಳ್ಳು ಮಾತ್ರ ಜಿಗಿದರೆ ಪ್ಲೇಟ್ ಮುಗಿದಿದೆ, ಇಲ್ಲ ಪೆಡಲ್‌ಗೆ ಫ್ರೀ ಪ್ಲೇ ಇಲ್ಲ.

ಬಿಎಸ್6_ಗಾಡಿ:
ಇದೇ ತೊಂದರೆ ಬಿಎಸ್6ನಲ್ಲಿ ಇದ್ದರೆ ಬೇರೆ ಏನು ನೋಡಬೇಕು? ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ರೀಜನ್ (ಆ ಮಸಿ ಸುಡುವುದು) ಮೊದಲಿಗಿಂತ ಬೇಗ ಬೇಗ ಕೇಳುತ್ತದೆ.

ಟರ್ಬೊ_ಹೋಸ್:
ಮೇಲಿನದ್ದೆಲ್ಲಾ ನೋಡಲೇಬೇಕು, ಜೊತೆಗೆ ರೀಜನ್. ಪ್ರತಿ ಸಲ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬಿಡುತ್ತದೆ, ಹಾಗಾಗಿ ಬೇಗ ಬೇಗ ಆದರೆ ಮೈಲೇಜ್ ಇಳಿಯುತ್ತದೆ. ಡಿಪಿಎಫ್ ಬಿಚ್ಚಿ ತೊಳೆಸಿದರೆ ಸ್ವಲ್ಪ ದಿನ ಸರಿಹೋಗಿ ಮತ್ತೆ ಅದೇ ಕಥೆ. ಮಸಿ ಎಲ್ಲಿಂದ ಬರುತ್ತಿದೆ ಹುಡುಕಿ. ಬೂಸ್ಟ್ ಹೋಸ್ ಸೋರಿಕೆ, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲು ಮತ್ತೆ ಎಂಜಿನ್‌ಗೆ ಬಿಡುವುದು) ತೆರೆದೇ ನಿಲ್ಲುವುದು, ಸೋರುವ ಇಂಜೆಕ್ಟರ್, ಟರ್ಬೊ ಸೀಲ್‌ನಿಂದ ಆಯಿಲ್. ಎಂಜಿನ್ ಆಯಿಲ್ ಡಬ್ಬದ ಮೇಲೆ ಸಿಕೆ-4 ಅಥವಾ ಕಂಪನಿ ಹೇಳಿದ ಕಡಿಮೆ ಬೂದಿಯ ದರ್ಜೆ ಇದೆಯೇ ನೋಡಿ. ಆಯಿಲ್ ಬೂದಿ ರೀಜನ್‌ನಲ್ಲಿ ಸುಡುವುದಿಲ್ಲ, ಡಿಪಿಎಫ್ ಒಳಗೇ ಕೂರುತ್ತದೆ. ಸ್ಕ್ಯಾನರ್‌ನಲ್ಲಿ ರೀಜನ್ ಮುಗಿದ ತಕ್ಷಣದ ಡಿಫರೆನ್ಶಿಯಲ್ ಪ್ರೆಷರ್ (ಫಿಲ್ಟರ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸ) ನೋಡಿ. ಆಗಲೂ ಇಳಿಯದಿದ್ದರೆ ಬೂದಿ ತುಂಬಿದೆ. ಸೆನ್ಸರ್‌ನ ಸಣ್ಣ ರಬ್ಬರ್ ಪೈಪ್ ಸೀಳಿದ್ದರೂ ಸುಳ್ಳು ಅಂಕೆ ಬರುತ್ತದೆ, ಮೊದಲು ಅದನ್ನೇ ಮುಟ್ಟಿ ನೋಡಿ.

ಬಂಕ್_ಲೆಕ್ಕ:
@ಹನ್ನೆರಡು_ಚಕ್ರ ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ ಸರ್, ಯಾವುದರಿಂದ ಎಷ್ಟು ಬಂತು ಅಂತ ಗೊತ್ತಾಗುವುದಿಲ್ಲ. ಮೊದಲು ಬ್ರೇಕ್ ಮತ್ತು ಗಾಳಿ, ಎರಡು ಫುಲ್ ಟ್ಯಾಂಕ್ ಓಡಿಸಿ ಬರೆದಿಡಿ. ಆಮೇಲೆ ಥರ್ಮೋಸ್ಟಾಟ್, ಫ್ಯಾನ್. ಅಷ್ಟಾದರೂ ಜಿಪಿಎಸ್ ಲೆಕ್ಕದಲ್ಲಿ 3.8ಕ್ಕೆ ಬರದಿದ್ದರೆ ಆಗ ರಿಟರ್ನ್ ಪರೀಕ್ಷೆಗೆ ಕೊಡಿ.

ಟಯರ್_ಮನೆ:
ಆ ಬಲಗಡೆ ಡ್ರಮ್ ಬಿಚ್ಚಿದಾಗ ಒಳಮೈ ನೀಲಿ ತಿರುಗಿದೆಯೇ, ಕೂದಲೆಳೆ ಬಿರುಕು ಇದೆಯೇ ನೋಡಿಸಿ. ಲೈನರ್ ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ, ಒಂದೇ ಕಡೆ ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಅಷ್ಟು ಕಾದ ಚಕ್ರದ ಒಳ ಟಯರ್‌ನ ಬೀಡ್ ಗಟ್ಟಿಯಾಗಿ ಒಡೆದಿರಬಹುದು, ರಿಮ್‌ನಿಂದ ಬಿಚ್ಚಿ ನೋಡಿ. ಚಕ್ರ ಹಾಕಿದ ಮೇಲೆ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, 50–100 ಕಿ.ಮೀ. ಓಡಿದ ನಂತರ ಟಾರ್ಕ್ ರೆಂಚ್ ಹಾಕಿ ಇನ್ನೊಮ್ಮೆ.